ಹಿಂದಕ್ಕೆ ಕರೆಯುವ ಹೊಣೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹಿರಿಯರು ಹೇಳುತ್ತ ಬಂದಿರುವ ಗಾದೆ. ಕೆಲವು ಸಂಗತಿಗಳು ಒಮ್ಮೆ ಕೈಜಾರಿದರೆ ಮತ್ತೆ ಹಿಡಿತಕ್ಕೆ ಸಿಕ್ಕಲಾರವು ಎಂಬುದು ಅದರ ತಾತ್ಪರ್ಯ. ಆದರೆ ಮನುಷ್ಯನು ತಯಾರಿಸಿ ಮಾರಿದ ವಸ್ತುವಿಗೆ ಈ ಮಾತು ಪೂರ್ಣವಾಗಿ ಅನ್ವಯಿಸುವುದಿಲ್ಲ. ಮಾರಿದ ವಸ್ತುವಿನಲ್ಲಿ ಪ್ರಾಣಕ್ಕೆ ಕುತ್ತು ತರುವ ದೋಷವಿದೆಯೆಂದು ತಿಳಿದಾಗ ಅದನ್ನು ಹಿಂದಕ್ಕೆ ಕರೆಸಿ ಸರಿಪಡಿಸಿಕೊಡಲು ತಯಾರಕನಿಗೆ ಅವಕಾಶವುಂಟು. ಅದು ಕೇವಲ ಅವಕಾಶವಲ್ಲ, ಅವನ ಹೊಣೆಯೂ ಹೌದು. ಮೋಟಾರು ವಾಹನಗಳ ಲೋಕದಲ್ಲಿ ಈ ಕ್ರಮಕ್ಕೆ ‘ರೀಕಾಲ್’ ಎಂದು ಹೆಸರು. ಇಂತಹ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅನೇಕರು ಆ ಕಂಪನಿಯನ್ನು ಕಂಡು ನಗುತ್ತಾರೆ. ನಗಬೇಕಾದುದು ಕರೆದವರನ್ನು ಕಂಡೋ, ಕರೆಯದೆ ಸುಮ್ಮನಿದ್ದವರನ್ನು ಕಂಡೋ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಹಿಂದಿನ ಕಾಲದಲ್ಲಿ ಬಂಡಿಯನ್ನು ಮಾಡಿಕೊಟ್ಟ ಬಡಗಿಯು ಅದೇ ಊರಿನಲ್ಲಿ ಬಾಳುತ್ತಿದ್ದನು. ಅಚ್ಚು ಸೀಳಿದರೆ, ಕೀಲು ಕಳಚಿದರೆ ರೈತನು ನೇರವಾಗಿ ಅವನ ಬಾಗಿಲಿಗೆ ಹೋಗಿ ಕೇಳಬಹುದಾಗಿತ್ತು. ಮಾಡಿದವನಿಗೂ ಬಳಸುವವನಿಗೂ ಮುಖಪರಿಚಯವಿತ್ತು. ಆ ಪರಿಚಯವೇ ಕೆಲಸಕ್ಕೆ ಕಾವಲಾಗಿತ್ತು. ಇಂದಿನ ಕಾರ್ಖಾನೆಯು ಲಕ್ಷಾಂತರ ವಾಹನಗಳನ್ನು ತಯಾರಿಸಿ ದೇಶದೇಶಗಳಿಗೆ ಕಳುಹಿಸುತ್ತದೆ. ಕೊಂಡವನು ಯಾರೆಂಬುದು ಮಾಡಿದವನಿಗೆ ತಿಳಿಯದು. ಮಾಡಿದವನು ಯಾರೆಂಬುದು ಕೊಂಡವನಿಗೆ ತಿಳಿಯದು. ಹೀಗೆ ಕಡಿದುಹೋದ ಹೊಣೆಯ ಎಳೆಯನ್ನು ಮತ್ತೆ ಜೋಡಿಸುವ ವ್ಯವಸ್ಥೆಯೇ ರೀಕಾಲ್.

ಒಂದು ಕಾರಿನಲ್ಲಿ ಸಣ್ಣ ತಿರುಪುಗಳನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು 30,000 ಬಿಡಿಭಾಗಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಬೇರೆ ಬೇರೆ ಕಾರ್ಖಾನೆಗಳಿಂದ ಬರುತ್ತವೆ. ಒಂದು ಭಾಗದ ವಿನ್ಯಾಸದಲ್ಲಿ ತಪ್ಪಾದರೆ, ಅದೇ ತಪ್ಪು ಅದೇ ಬಗೆಯ ಎಲ್ಲ ವಾಹನಗಳಲ್ಲಿಯೂ ಮರುಕಳಿಸುತ್ತದೆ. ಇದನ್ನು ಸಾಮಾನ್ಯವಾದ ಸವೆತದೊಡನೆ ಬೆರೆಸಬಾರದು. ಟೈರು ಸವೆದರೆ, ಎಣ್ಣೆ ಬದಲಿಸದೆ ಎಂಜಿನ್ ಕೆಟ್ಟರೆ ಅದಕ್ಕೆ ಒಡೆಯನೇ ಹೊಣೆ. ಆದರೆ ಒಡೆಯನು ಎಷ್ಟು ಎಚ್ಚರಿಕೆಯಿಂದಿದ್ದರೂ ತಪ್ಪಿಸಲಾಗದ, ಹುಟ್ಟಿನಿಂದಲೇ ಬಂದ ದೋಷಕ್ಕೆ ಅವನನ್ನು ದೂರುವುದು ನ್ಯಾಯವಲ್ಲ.

ಈ ಸರಳವಾದ ಸತ್ಯವು ಲೋಕಕ್ಕೆ ಮನವರಿಕೆಯಾಗಲು ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ ಅಪಘಾತವಾದಾಗಲೆಲ್ಲ ಚಾಲಕನ ಅಜಾಗರೂಕತೆಯೇ ಕಾರಣವೆಂದು ಹೇಳುವುದು ವಾಡಿಕೆಯಾಗಿತ್ತು. 1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲನು ‘ಅನ್‌ಸೇಫ್ ಎಟ್ ಎನಿ ಸ್ಪೀಡ್’ ಎಂಬ ಗ್ರಂಥವನ್ನು ಪ್ರಕಟಿಸಿ, ವಾಹನಗಳ ವಿನ್ಯಾಸವೇ ಎಷ್ಟೋ ಸಾವುನೋವುಗಳಿಗೆ ಕಾರಣವೆಂದು ವಾದಿಸಿದನು. ಅವನು ಮುಖ್ಯವಾಗಿ ಟೀಕಿಸಿದ್ದ ಜನರಲ್ ಮೋಟಾರ್ಸ್ ಕಂಪನಿಯು ಆ ವಾದಕ್ಕೆ ಉತ್ತರ ಹುಡುಕುವ ಬದಲು ಅವನ ಬೆನ್ನಿಗೆ ಪತ್ತೇದಾರರನ್ನು ಹಚ್ಚಿತು. ಈ ಸಂಗತಿ ಬಯಲಾಗಿ, 1966ರ ಮಾರ್ಚ್ ತಿಂಗಳಿನಲ್ಲಿ ಕಂಪನಿಯ ಅಧ್ಯಕ್ಷರೇ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಹನ ಸುರಕ್ಷತೆಯ ರಾಷ್ಟ್ರೀಯ ಕಾನೂನು ಜಾರಿಗೆ ಬಂದಿತು. ದೋಷವನ್ನು ಕೊಂಡವರಿಗೆ ತಿಳಿಸಲೇಬೇಕೆಂದು ಅದು ವಿಧಿಸಿತು. ಹಣ ಪಡೆಯದೆ ಸರಿಪಡಿಸಿಕೊಡಬೇಕೆಂಬ ನಿಯಮವು 1974ರ ತಿದ್ದುಪಡಿಯಿಂದ ಸೇರಿತು.

ಕಾನೂನು ಬಂದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ. ಫೋರ್ಡ್ ಕಂಪನಿಯ ಪಿಂಟೋ ಎಂಬ ಸಣ್ಣ ಕಾರಿನ ಕಥೆ ಇದಕ್ಕೆ ನಿದರ್ಶನ. ಅದರ ಪೆಟ್ರೋಲ್ ಟ್ಯಾಂಕು ಹಿಂದಿನ ಅಚ್ಚಿನ ಹಿಂಭಾಗದಲ್ಲಿತ್ತು. ಹಿಂದಿನಿಂದ ಬೇರೊಂದು ವಾಹನ ಡಿಕ್ಕಿ ಹೊಡೆದರೆ ಟ್ಯಾಂಕು ಒಡೆದು ಬೆಂಕಿ ಹತ್ತುವ ಅಪಾಯವಿತ್ತು. ಅನೇಕರು ಸುಟ್ಟು ಸತ್ತ ಮೇಲೆ, ನ್ಯಾಯಾಲಯದಲ್ಲಿಯೂ ಪತ್ರಿಕೆಗಳಲ್ಲಿಯೂ ಕೋಲಾಹಲವಾದ ಮೇಲೆ, 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ಮಾಡಿದ ಚಿಕಿತ್ಸೆ ದೊಡ್ಡದೇನಲ್ಲ. ಟ್ಯಾಂಕಿಗೆ ಪ್ಲಾಸ್ಟಿಕ್ಕಿನ ಅಡ್ಡತಡೆಯನ್ನು ಇಟ್ಟು, ಪೆಟ್ರೋಲ್ ತುಂಬುವ ಕೊಳವೆಯನ್ನು ಬದಲಿಸಿದರು. ಆ ಕಾಲದಲ್ಲಿ ಅದೇ ಕಂಪನಿಯು ಸರ್ಕಾರಕ್ಕೆ ಸಲ್ಲಿಸಿದ ಒಂದು ಲೆಕ್ಕಪತ್ರವು ಪ್ರಸಿದ್ಧವಾಗಿದೆ. ಅದು ಪಿಂಟೋ ಒಂದನ್ನೇ ಕುರಿತದ್ದಲ್ಲ. ವಾಹನಗಳು ಉರುಳಿಬಿದ್ದಾಗ ಇಂಧನ ಸೋರುವುದನ್ನು ತಡೆಯುವ ಖರ್ಚನ್ನು ಕುರಿತದ್ದು. ಅದರಲ್ಲಿ ಒಂದು ಮನುಷ್ಯಜೀವಕ್ಕೆ ಎರಡು ಲಕ್ಷ ಡಾಲರೆಂದು ಬೆಲೆ ಹಿಡಿಯಲಾಗಿತ್ತು. ಒಂದು ವಾಹನಕ್ಕೆ ತಗಲುವ ವೆಚ್ಚ 11 ಡಾಲರು. ಕೂಡಿಸಿ ಕಳೆದು ನೋಡಿದಾಗ, ಜೀವಗಳನ್ನು ಉಳಿಸುವುದಕ್ಕಿಂತ ಉಳಿಸದಿರುವುದೇ ಅಗ್ಗವೆಂಬ ಉತ್ತರ ಬಂದಿತು. ಜೀವಕ್ಕೆ ಹಿಡಿದ ಆ ಬೆಲೆಯು ಸರ್ಕಾರಿ ಸಂಸ್ಥೆಯ ಲೆಕ್ಕದಿಂದಲೇ ಬಂದದ್ದೆಂಬುದೂ ನಿಜ. ಅಂಕಗಣಿತದಲ್ಲಿ ತಪ್ಪಿರಲಿಲ್ಲ; ಆದರೆ ಎಲ್ಲ ಪ್ರಶ್ನೆಗಳನ್ನೂ ಅಂಕಗಣಿತಕ್ಕೆ ಒಪ್ಪಿಸಬಹುದೆಂಬ ಭಾವನೆಯಲ್ಲಿ ತಪ್ಪಿತ್ತು.

ಇನ್ನೊಂದು ಪ್ರಸಂಗದಲ್ಲಿ ದೋಷವಿದ್ದುದು ಒಂದು ಡಾಲರಿಗಿಂತಲೂ ಕಡಿಮೆ ಬೆಲೆಯ ಭಾಗದಲ್ಲಿ. ಜನರಲ್ ಮೋಟಾರ್ಸ್ ತಯಾರಿಸಿದ ಕೆಲವು ಕಾರುಗಳಲ್ಲಿ ಬೀಗದ ಕೈ ತಿರುಗಿಸುವ ಸ್ವಿಚ್ಚು ಸಡಿಲವಾಗಿತ್ತು. ಬೀಗದ ಕೈಗಳ ಭಾರವಾದ ಗೊಂಚಲು ಜೋತಾಡಿದರೆ ಸಾಕು, ಓಡುತ್ತಿರುವಾಗಲೇ ಎಂಜಿನ್ ನಿಂತುಬಿಡುತ್ತಿತ್ತು. ಆಗ ಸ್ಟೀರಿಂಗ್ ಬಿಗಿಯಾಗುತ್ತಿತ್ತು. ಅಪಘಾತದಲ್ಲಿ ಉಬ್ಬಿ ರಕ್ಷಿಸಬೇಕಾದ ಏರ್‌ಬ್ಯಾಗೂ ಉಬ್ಬುತ್ತಿರಲಿಲ್ಲ. 2006ರಲ್ಲಿ ಸ್ವಿಚ್ಚನ್ನು ಸುಧಾರಿಸಿದರೂ ಅದರ ಗುರುತಿನ ಸಂಖ್ಯೆಯನ್ನು ಬದಲಿಸಲಿಲ್ಲ. ಹಳೆಯದೂ ಹೊಸದೂ ಒಂದೇ ಸಂಖ್ಯೆಯಲ್ಲಿ ಬೆರೆತುಹೋದುದರಿಂದ ದೋಷದ ಮೂಲವನ್ನು ಹುಡುಕುವುದು ವರ್ಷಗಟ್ಟಲೆ ಕಠಿಣವಾಯಿತು. ಕೊನೆಗೆ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. 124 ಸಾವುಗಳಿಗೆ ಕಂಪನಿಯ ನಿಧಿಯಿಂದ ಪರಿಹಾರ ಕೊಡಲಾಯಿತು. 2015ರಲ್ಲಿ ಕಂಪನಿಯು 90 ಕೋಟಿ ಡಾಲರು ತೆರಲು ಒಪ್ಪಿತು. ಉಳಿಸಿದ್ದು ಪುಡಿಗಾಸು, ಕಳೆದುಕೊಂಡದ್ದು ರಾಶಿ. ಸತ್ತವರನ್ನಂತೂ ಯಾವ ಹಣವೂ ಮರಳಿ ತರಲಿಲ್ಲ.

ಎಲ್ಲಕ್ಕಿಂತ ದುಃಖಕರವಾದುದು ಜಪಾನಿನ ತಕಾಟಾ ಕಂಪನಿಯ ಕಥೆ. 1933ರಲ್ಲಿ ಪ್ರಾರಂಭವಾದ ಈ ಸಂಸ್ಥೆಯು ಮೊದಲು ನೇಯ್ಗೆಯ ಕೆಲಸ ಮಾಡುತ್ತಿತ್ತು. ಪ್ಯಾರಾಚೂಟುಗಳಿಗೆ ಬೇಕಾದ ಹುರಿಗಳನ್ನು ತಯಾರಿಸುತ್ತಿತ್ತು. ಮುಂದೆ ಕಾರಿನ ಸೀಟ್ ಬೆಲ್ಟುಗಳನ್ನೂ ಆಮೇಲೆ ಏರ್‌ಬ್ಯಾಗುಗಳನ್ನೂ ತಯಾರಿಸತೊಡಗಿತು. ಹುರಿ, ಪಟ್ಟಿ, ಗಾಳಿಚೀಲ ಇವೆಲ್ಲವೂ ಬೀಳುವವನನ್ನು ಹಿಡಿಯಲೆಂದೇ ಇರುವ ವಸ್ತುಗಳು. ಅಪಘಾತವಾದ ಕ್ಷಣದಲ್ಲಿ ಒಂದು ಲೋಹದ ಡಬ್ಬಿಯೊಳಗಿನ ರಾಸಾಯನಿಕವು ಉರಿದು ಅನಿಲವಾಗಿ ಚೀಲವನ್ನು ಉಬ್ಬಿಸುತ್ತದೆ. ತಕಾಟಾ ಅದಕ್ಕಾಗಿ ಅಮೋನಿಯಂ ನೈಟ್ರೇಟನ್ನು ಬಳಸಿತು. ಈ ವಸ್ತುವು ವರ್ಷಾನುಗಟ್ಟಲೆ ಸೆಕೆಯನ್ನೂ ತೇವವನ್ನೂ ಉಂಡರೆ ಕೆಡುತ್ತದೆ. ಆಮೇಲೆ ಉರಿಯಬೇಕಾದುದಕ್ಕಿಂತ ವೇಗವಾಗಿ ಉರಿದು ಡಬ್ಬಿಯನ್ನೇ ಸಿಡಿಸುತ್ತದೆ. ಸಿಡಿದ ಲೋಹದ ಚೂರುಗಳು ಕುಳಿತವರ ಕತ್ತಿಗೂ ಮುಖಕ್ಕೂ ನಾಟುತ್ತವೆ. ಬದುಕಿಸಬೇಕಾದ ಸಾಧನವೇ ಕೊಲ್ಲುವ ಆಯುಧವಾಯಿತು.

2008ರಲ್ಲಿ ಹೋಂಡಾ ಕಂಪನಿಯು ಮೊದಲು ಕರೆಸಿದ್ದು ಸುಮಾರು 4,000 ಕಾರುಗಳನ್ನು ಮಾತ್ರ. ಮುಂದೆ ವರ್ಷದಿಂದ ವರ್ಷಕ್ಕೆ ಆ ಸಂಖ್ಯೆ ಬೆಳೆಯುತ್ತ ಹೋಗಿ, ಅಮೆರಿಕ ಒಂದರಲ್ಲಿಯೇ ಸುಮಾರು 6 ಕೋಟಿ 70 ಲಕ್ಷ ಏರ್‌ಬ್ಯಾಗುಗಳನ್ನು ಬದಲಿಸಬೇಕಾಯಿತು. ಆ ದೇಶದಲ್ಲಿ 25ಕ್ಕೂ ಹೆಚ್ಚು ಮಂದಿ ಸತ್ತರು. ಮಲೇಷ್ಯದಂತಹ ಸೆಕೆಯ ನಾಡುಗಳಲ್ಲಿಯೂ ಸಾವುಗಳು ಸಂಭವಿಸಿದವು. ಭಾರತದಲ್ಲಿಯೂ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ತಕಾಟಾ ತನ್ನ ಪರೀಕ್ಷೆಗಳ ಫಲಿತಾಂಶವನ್ನು ತಿದ್ದಿ, ವಾಹನ ತಯಾರಕರಿಗೆ ಸುಳ್ಳು ವರದಿ ಕೊಟ್ಟಿತ್ತೆಂಬುದು ಮುಂದೆ ಹೊರಬಿದ್ದಿತು. 2017ರಲ್ಲಿ ಅದು ತಪ್ಪೊಪ್ಪಿಕೊಂಡು 100 ಕೋಟಿ ಡಾಲರು ತೆರಲು ಒಪ್ಪಿತು. ಅದೇ ವರ್ಷ ದಿವಾಳಿಯಾಯಿತು. ವಿಜ್ಞಾನದ ಒಂದು ತಪ್ಪು ತಕಾಟಾವನ್ನು ಸಂಕಟಕ್ಕೆ ದೂಡಿತೆಂಬುದು ಅರ್ಧ ಸತ್ಯ. ಆ ತಪ್ಪನ್ನು ಮುಚ್ಚಲು ಹೆಣೆದ ಸುಳ್ಳೇ ಅದನ್ನು ಮುಳುಗಿಸಿತು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತಬಹುದು. ಸಣ್ಣ ಸಂದೇಹ ಬಂದಾಗಲೆಲ್ಲ ವಾಹನಗಳನ್ನು ಹಿಂದಕ್ಕೆ ಕರೆಸುತ್ತ ಹೋದರೆ ವೆಚ್ಚ ಏರುವುದಿಲ್ಲವೇ? ಕಂಪನಿಯ ಹೆಸರು ಕೆಡುವುದಿಲ್ಲವೇ? ಜನರು ವಿನಾಕಾರಣ ಹೆದರುವುದಿಲ್ಲವೇ? ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಣ್ಣ ಮಾಸಿತು, ರೇಡಿಯೋ ಕೆಟ್ಟಿತು ಎಂಬ ಕಾರಣಕ್ಕೆ ಯಾರೂ ರೀಕಾಲ್ ಕೇಳಲಾರರು. ಆದರೆ ಬ್ರೇಕು, ಸ್ಟೀರಿಂಗು, ಇಂಧನ, ಏರ್‌ಬ್ಯಾಗು ಇವುಗಳ ವಿಷಯದಲ್ಲಿ ಸಂದೇಹವೇ ಸಾಕಾದ ಕಾರಣ. ಹೆಸರು ಕೆಡುವುದೆಂಬ ಭಯಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. 1989ರ ಡಿಸೆಂಬರಿನಲ್ಲಿ, ಅಮೆರಿಕದ ಮಾರುಕಟ್ಟೆಗೆ ಆಗತಾನೇ ಕಾಲಿಟ್ಟಿದ್ದ ಲೆಕ್ಸಸ್ ಕಂಪನಿಯು ತಾನು ಮಾರಿದ್ದ ಸುಮಾರು 8,000 ಕಾರುಗಳನ್ನು ಬ್ರೇಕ್ ದೀಪ ಮತ್ತು ವೇಗನಿಯಂತ್ರಣದ ದೋಷಕ್ಕಾಗಿ ಹಿಂದಕ್ಕೆ ಕರೆಸಿತು. ಒಡೆಯರ ಮನೆಗಳಿಂದಲೇ ಕಾರುಗಳನ್ನು ಒಯ್ದು, ಸರಿಪಡಿಸಿ, ತೊಳೆದು, ಪೆಟ್ರೋಲ್ ತುಂಬಿಸಿ ಹಿಂದಿರುಗಿಸಿತು. ಹೊಸ ಕಂಪನಿಯ ಹೆಸರು ಮಣ್ಣುಪಾಲಾಗುವುದೆಂದು ಎಣಿಸಿದ್ದವರ ಊಹೆ ಸುಳ್ಳಾಯಿತು. ಆ ನಡತೆಯಿಂದಲೇ ಅದರ ಮೇಲಿನ ವಿಶ್ವಾಸ ಬೆಳೆಯಿತು.

ಭಾರತದಲ್ಲಿ ಈ ಪದ್ಧತಿ ಬೇರೂರಿದ್ದು ತಡವಾಗಿ. ವಾಹನ ತಯಾರಕರ ಸಂಘವು 2012ರಲ್ಲಿ ತಾನಾಗಿಯೇ ಒಂದು ನಿಯಮಾವಳಿಯನ್ನು ರೂಪಿಸಿತು. ಅದನ್ನು ಪಾಲಿಸುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿಯು ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಏಳು ವರ್ಷಗಳೊಳಗಿನ ವಾಹನಗಳಿಗೆ ಅನ್ವಯಿಸುವಂತೆ ರಚಿತವಾದವು. ಆಜ್ಞೆಯಾಗುವವರೆಗೆ ಸುಮ್ಮನಿದ್ದ ಕಂಪನಿಗೆ ಒಂದು ಕೋಟಿ ರೂಪಾಯಿಯವರೆಗೆ ದಂಡವನ್ನು ಗೊತ್ತುಮಾಡಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ ಕಂಪನಿಯು ಮೋಟಾರ್ ಜನರೇಟರ್ ಭಾಗದ ಪರಿಶೀಲನೆಗಾಗಿ 1,81,754 ಪೆಟ್ರೋಲ್ ವಾಹನಗಳನ್ನು ಕರೆಸಿತು. ಅಲ್ಲಿಯವರೆಗೆ ನೀರು ನಿಂತ ರಸ್ತೆಗಳಲ್ಲಿ ಓಡಿಸಬೇಡಿರೆಂದು ಒಡೆಯರಿಗೆ ಎಚ್ಚರಿಕೆ ನೀಡಿತು. ಎಚ್ಚರಿಕೆಯನ್ನು ಅಪಘಾತದ ಅನಂತರ ಹೇಳದೆ ಮೊದಲೇ ಹೇಳುವುದು ಲೇಸು.

ಆದರೆ ಕಾನೂನಿನ ಕಣ್ಣು ತೆರೆಯಬೇಕಾದರೆ ದೂರುಗಳು ಬರಬೇಕು. ನಿಗದಿಯಾದ ಪ್ರಮಾಣದಲ್ಲಿ ದೂರುಗಳು ದಾಖಲಾದಾಗ ಸರ್ಕಾರವು ವಿಚಾರಣೆಗೆ ತೊಡಗುತ್ತದೆ. ಬ್ರೇಕು ಕೈಕೊಟ್ಟಾಗ ಹಣೆಬರಹವೆಂದು ನಿಟ್ಟುಸಿರು ಬಿಟ್ಟು, ಬೀದಿಯ ಮೆಕಾನಿಕ್‌ನಿಂದ ರಿಪೇರಿ ಮಾಡಿಸಿಕೊಂಡು ಸುಮ್ಮನಾಗುವವನು ತನ್ನ ಪಾಡಿಗೆ ತಾನು ಪಾರಾಗಬಹುದು. ಅದೇ ದೋಷವುಳ್ಳ ಮತ್ತೊಂದು ವಾಹನದಲ್ಲಿ ಕುಳಿತಿರುವ ಅಪರಿಚಿತನು ಪಾರಾಗದಿರಬಹುದು.

ಹಾಗೆಯೇ ಕರೆ ಬಂದಾಗ ಓಗೊಡುವುದೂ ಕರ್ತವ್ಯ. ಅಮೆರಿಕದಲ್ಲಿ ತಕಾಟಾ ಏರ್‌ಬ್ಯಾಗುಳ್ಳ ಲಕ್ಷಾಂತರ ಕಾರುಗಳು ಕರೆ ಬಂದ ಎಷ್ಟೋ ವರ್ಷಗಳ ಮೇಲೂ ದುರಸ್ತಿಯಾಗದೆ ಓಡಾಡಿದವು. ಕೈಯಿಂದ ಕೈಗೆ ಮಾರಾಟವಾದ ಹಳೆಯ ಕಾರಿಗೆ ಬಂದ ಪತ್ರವು ಹಿಂದಿನ ಒಡೆಯನ ವಿಳಾಸಕ್ಕೆ ಹೋಗಿ ಸೇರುತ್ತದೆ. ಸೇರಿದ ಪತ್ರವನ್ನೂ ಜಾಹೀರಾತೆಂದು ಬಗೆದು ಮೂಲೆಗೆ ಎಸೆಯುವವರುಂಟು. ನೋಂದಣಿ ಪತ್ರದಲ್ಲಿ ಅಚ್ಚಾಗಿರುವ ಷಾಸಿ ಸಂಖ್ಯೆಯನ್ನು ಹಿಡಿದು ಕಂಪನಿಯನ್ನು ವಿಚಾರಿಸಿದರೆ ವಾಹನಕ್ಕೆ ಕರೆ ಬಂದಿದೆಯೋ ಇಲ್ಲವೋ ತಿಳಿಯುತ್ತದೆ. ಅಕ್ಷರ ಬಲ್ಲ ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಕಷ್ಟವಾದುದಲ್ಲ. ತಂದೆಯ ಸ್ಕೂಟರಿಗೋ ನೆರೆಯವರ ಕಾರಿಗೋ ಬಂದ ಒಂದು ಪತ್ರವನ್ನು ಓದಿ ಹೇಳುವ ವಿದ್ಯಾರ್ಥಿಯು ಒಂದು ಜೀವವನ್ನು ಉಳಿಸಿದರೂ ಉಳಿಸಬಹುದು. ಉಳಿಸಿದೆನೆಂಬುದು ಅವನಿಗೆ ಎಂದಿಗೂ ತಿಳಿಯದೆಯೂ ಹೋಗಬಹುದು.

ತಪ್ಪು ಮಾಡದ ಮನುಷ್ಯನಿಲ್ಲ. ಅವನ ಕೈಯಿಂದ ಹುಟ್ಟಿದ ಯಂತ್ರವೂ ತಪ್ಪಿಗೆ ಹೊರತಲ್ಲ. ದೋಷವೇ ಇಲ್ಲದ ವಾಹನವನ್ನು ಯಾವ ದೇಶವೂ ಇದುವರೆಗೆ ಕಂಡಿಲ್ಲ. ಆದುದರಿಂದ ತಯಾರಕನ ಯೋಗ್ಯತೆಯನ್ನು ಅಳೆಯುವಾಗ, ತಪ್ಪು ತಿಳಿದ ದಿನ ಅವನು ಏನು ಮಾಡಿದನೆಂಬುದನ್ನೂ ನೋಡಬೇಕು. ಒಪ್ಪಿಕೊಂಡವನನ್ನು ಕಂಡು ನಗುವ ಸಮಾಜವು ಉಳಿದವರಿಗೆ ಮುಚ್ಚಿಡುವುದನ್ನು ಕಲಿಸುತ್ತದೆ. ಮುಚ್ಚಿಟ್ಟ ದೋಷದ ಬೆಲೆಯನ್ನು ಆ ಸಮಾಜವೇ ರಸ್ತೆಯ ಮೇಲೆ ತೆರುತ್ತದೆ. ಕರೆಯುವ ಧೈರ್ಯವು ತಯಾರಕನಿಗೆ, ಕರೆಗೆ ಓಗೊಡುವ ಎಚ್ಚರವು ಒಡೆಯನಿಗೆ, ಕರೆದವನನ್ನು ಗೌರವಿಸುವ ವಿವೇಕವು ಜನತೆಗೆ ಇದ್ದಲ್ಲಿ, ಊರಿನ ಬಡಗಿಗೂ ರೈತನಿಗೂ ನಡುವೆ ಇದ್ದ ಹಳೆಯ ನಂಬಿಕೆಯು ದೊಡ್ಡ ಕಾರ್ಖಾನೆಗಳ ಕಾಲದಲ್ಲಿಯೂ ಉಳಿದೀತು.