ಅಗಲದ ಚಕ್ರ, ಎರಡು ಬೋಲ್ಟು

ಕಳೆದ ಸಂಚಿಕೆಯಲ್ಲಿ ಮೊಸರು ಹೆಪ್ಪುಗಟ್ಟುವ ರಸಾಯನವನ್ನು ಕುರಿತು ಬರೆದಿದ್ದೆವು. ಈ ಸಲ ಅಡಿಗೆಮನೆ ಬಿಟ್ಟು ಗ್ಯಾರೇಜಿಗೆ ಬಂದಿದ್ದೇವೆ. ಕಾರಣ, ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುವುದಿದೆ.

ನಮ್ಮಲ್ಲಿ 1990ರ ಮಜ಼್ದಾ ಮಿಯಾಟಾ ಇದೆ. ಇಬ್ಬರೇ ಕೂರಬಹುದಾದ ಪುಟ್ಟ ಕಾರು. ಅದರ ಚಕ್ರಗಳು 14 ಇಂಚು ವ್ಯಾಸ, ಐದೂವರೆ ಇಂಚು ಅಗಲ. ಮಿತ್ರರೊಬ್ಬರು 15 ಇಂಚು ವ್ಯಾಸದ, 8 ಇಂಚು ಅಗಲದ ಅಲಾಯ್ ಚಕ್ರಗಳನ್ನು ಟೈರುಸಹಿತ ಅಗ್ಗಕ್ಕೆ ಕೊಟ್ಟರು. ಬೋಲ್ಟಿನ ತೂತುಗಳು ಸರಿಹೊಂದಿದವು. ಅಷ್ಟೇ ಸಾಕೆಂದು ಹಾಕಿಬಿಟ್ಟೆವು. ಪಿಎಚ್.ಡಿ. ಮಾಡಿದವರು ಅಳತೆಪಟ್ಟಿ ಹಿಡಿಯಲಿಲ್ಲ!

ಯುಗಾದಿಯ ಊಟಕ್ಕೆ ಸಂಘದ ಹಾಲಿಗೆ ಹೊರಟೆವು. ಹಿಂದೆ ಬಿಸಿಬೇಳೆಭಾತಿನ ದೊಡ್ಡ ಪಾತ್ರೆ. ರಸ್ತೆಯ ಉಬ್ಬು ಬಂದಾಗಲೆಲ್ಲ ಹಿಂಬದಿಯಿಂದ ಗರ್ ಎಂಬ ಸದ್ದು. "ರೀ, ಅದು ಪಾತ್ರೆ ಸದ್ದಲ್ಲ, ನಿಲ್ಲಿಸಿ" ಎಂದಳು ನಮ್ಮಾಕೆ. ಇಳಿದು ನೋಡಿದರೆ ಮಡ್‌ಗಾರ್ಡಿನ ಒಳಅಂಚು ಟೈರಿನ ಭುಜವನ್ನು ಚಾಕುವಿನಂತೆ ಸವರಿತ್ತು. ಇನ್ನೂ ಹತ್ತು ಮೈಲಿ ಹೋಗಿದ್ದರೆ ಟೈರು ಹೆದ್ದಾರಿಯಲ್ಲೇ ಸಿಡಿಯುತ್ತಿತ್ತೋ ಏನೋ. ಮಿತ್ರರಿಗೆ ಫೋನು ಮಾಡಿ ಅವರ ವ್ಯಾನಿನಲ್ಲಿ ಊಟಕ್ಕೆ ಹೋದೆವು.

ರಾತ್ರಿ ಲೆಕ್ಕಕ್ಕೆ ಕೂತೆವು. ಚಕ್ರ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಆಚೆಗಿದೆಯೋ ಅದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಹಳೆಯದರ ಆಫ್‌ಸೆಟ್ 45 ಮಿ.ಮೀ.; ಹೊಸದರದು 25. ಅಗಲದ ಅರ್ಧದಿಂದ ಆಫ್‌ಸೆಟ್ ಕಳೆದರೆ ಚಕ್ರ ಹೊರಗೆ ಎಷ್ಟು ಚಾಚುತ್ತದೆಂದು ಸಿಗುತ್ತದೆ. ಹಳೆಯದು ಸುಮಾರು 25 ಮಿ.ಮೀ., ಹೊಸದು 77. ಎಂದರೆ ಎರಡಂಗುಲದಷ್ಟು ಹೊರಗೆ! ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಒಳಗಿನ ಚಾಚು: ಅಲ್ಲಿ 12 ಮಿ.ಮೀ. ಮಾತ್ರ ಹೆಚ್ಚು. ತೊಂದರೆಯೆಲ್ಲ ಹೊರಬದಿಯದೇ. ಈ ಕೂಡು-ಕಳೆಯುವ ಲೆಕ್ಕವನ್ನು ಕೊಳ್ಳುವ ಮೊದಲೇ ಮಾಡಬಹುದಿತ್ತು.

ಉಪಾಯವೇನು? ಚಕ್ರದ ನೆತ್ತಿ ಒಳಕ್ಕೆ ವಾಲುವಂತೆ ಮಾಡುವುದು. ಇದಕ್ಕೆ ನೆಗೆಟಿವ್ ಕ್ಯಾಂಬರ್ ಎಂದು ಹೆಸರು. ಈ ಕಾರಿನ ಹಿಂದಿನ ಸಸ್ಪೆನ್ಷನ್ನಿನಲ್ಲಿ ಮೇಲೊಂದು ಕೆಳಗೊಂದು ತೋಳು. ಕೆಳತೋಳಿನ ಒಳತುದಿಯಲ್ಲಿ ಮುಂದೊಂದು ಹಿಂದೊಂದು ಬೋಲ್ಟು. ಅವುಗಳ ಬಿಲ್ಲೆಯ ತೂತು ನಡುವಿನಲ್ಲಿಲ್ಲ. ಬೋಲ್ಟು ತಿರುಗಿಸಿದರೆ ತೋಳು ಹೊರಕ್ಕೋ ಒಳಕ್ಕೋ ಸರಿಯುತ್ತದೆ. ಕೆಳಗೆ ಹೊರಕ್ಕೆ ಸರಿದರೆ ಮೇಲೆ ಒಳಕ್ಕೆ ವಾಲುತ್ತದೆ. ಎರಡನ್ನೂ ಸಮನಾಗಿ ಸರಿಸಿದರೆ ಕ್ಯಾಂಬರ್ ಬದಲಾಗುತ್ತದೆ. ಒಂದನ್ನೇ ಸರಿಸಿದರೆ ಚಕ್ರದ ಮುಖವೇ ತಿರುಗುತ್ತದೆ.

ನಮ್ಮ ಊರು ಓಹಾಯೋದಲ್ಲಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ ಉಕ್ಕಿಗೆ ತುಕ್ಕು ಬೇಗ. ನಮ್ಮ ಎಡಬದಿಯ ಹಿಂದಿನ ಬೋಲ್ಟು ಬುಷ್ಷಿನ ಒಳಕೊಳವೆಗೆ ಅಂಟಿಕೊಂಡು ಅಲುಗಲೇ ಇಲ್ಲ. "ಇರಲಿ" ಎಂದು ಮುಂದಿನದನ್ನು ಮಾತ್ರ ತಿರುಗಿಸಿದೆವು. ಚಕ್ರ ವಾಲಿತು. ಉಬ್ಬಿನ ಮೇಲೆ ಓಡಿಸಿದೆವು, ಸದ್ದಿಲ್ಲ. ಗೆದ್ದೆವೆಂದುಕೊಂಡೆವು.

ಮಾರನೆಯ ಸಂಜೆ ಮಳೆ. ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ, ವೇಗ ಹೆಚ್ಚೇನಿರಲಿಲ್ಲ, ಕಾರಿನ ಹಿಂಬದಿ ಸರ್ರನೆ ಪಕ್ಕಕ್ಕೆ ಜಾರಿತು. ಹೇಗೋ ಸ್ಟಿಯರಿಂಗ್ ಹಿಡಿತಕ್ಕೆ ಬಂತು. ಪಕ್ಕದಲ್ಲಿ ನಮ್ಮಾಕೆ. ಇಬ್ಬರೂ ಮನೆ ತಲುಪುವವರೆಗೆ ಮಾತಾಡಲಿಲ್ಲ.

ಆಮೇಲೆ ಕಾರಿನ ಎರಡೂ ಬದಿಗೆ ದಾರ ಕಟ್ಟಿ ಅಳೆದೆವು. ಎಡ ಚಕ್ರದ ಮುಂಅಂಚು ಹಿಂಅಂಚಿಗಿಂತ 6 ಮಿ.ಮೀ. ಹೊರಕ್ಕಿತ್ತು. ಇದು ಟೋ-ಔಟ್. ಹಿಂದಿನ ಚಕ್ರಗಳು ಹೀಗೆ ಹೊರಮುಖವಾದರೆ ತಿರುವಿನಲ್ಲಿ ಬಾಲ ತಾನೇ ಹೊರಗೆ ಹೊರಡಲು ನೋಡುತ್ತದೆ. ರಸ್ತೆ ಒದ್ದೆಯಾದರೆ ಕೇಳುವುದೇ ಬೇಡ. ಸದ್ದು ನಿಂತಿದ್ದನ್ನೇ ವಾಸಿಯಾದ ಲಕ್ಷಣವೆಂದು ನಂಬಿದ್ದೆವು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಇಂಥದ್ದು ಮಾಡಿದ್ದರೆ ನಾವು ಬಿಡುತ್ತಿದ್ದೆವೆ?

ಮುಂದಿನ ಶನಿವಾರ ಕ್ರಮವಾಗಿ ಮಾಡಿದೆವು. ತುಕ್ಕಿನ ಬೋಲ್ಟಿಗೆ ಮೂರು ದಿನ ನುಸುಳುವ ಎಣ್ಣೆ ಬಿಟ್ಟಿದ್ದೆವು, ಕೊನೆಗೂ ಬಿಟ್ಟುಕೊಂಡಿತು. ಎರಡು ಬೋಲ್ಟನ್ನೂ ಗುರುತು ನೋಡಿ ಸಮನಾಗಿ ತಿರುಗಿಸಿದೆವು. ತೂಗುಗುಂಡು ಇಳಿಬಿಟ್ಟು ನೋಡಿದರೆ ರಿಮ್ಮಿನ 400 ಮಿ.ಮೀ. ಎತ್ತರಕ್ಕೆ 10 ಮಿ.ಮೀ. ಒಳವಾಲು: ಹತ್ತಿರಹತ್ತಿರ ಒಂದೂವರೆ ಡಿಗ್ರಿ. ಬಳಿಕ ಟೋ ಸರಿಪಡಿಸಿ, ಮುಂಅಂಚು ಒಂದು ಮಿ.ಮೀ. ಒಳಕ್ಕಿರುವಂತೆ ಮಾಡಿದೆವು. ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಬೋಲ್ಟು ಬಿಗಿದೆವು. ಜ್ಯಾಕಿನ ಮೇಲೆ ತೂಗುತ್ತಿರುವಾಗ ಬಿಗಿದರೆ ಬುಷ್ಷಿನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮಡ್‌ಗಾರ್ಡಿನ ಅಂಚನ್ನು ಬಿಸಿಗಾಳಿಯಿಂದ ಕಾಯಿಸಿ ಮೆಲ್ಲಗೆ ಮಡಿಸಿದೆವು. ತಣ್ಣಗಿದ್ದಾಗ ಬಣ್ಣ ಗಾಜಿನಂತೆ ಬಿರಿಯುತ್ತದೆ. ಬಿರಿದಲ್ಲಿ ಉಪ್ಪುನೀರು ಹೊಗುತ್ತದೆ. ಗಾಯವಾದ ಟೈರು ಕಸಕ್ಕೆ ಹೋಯಿತು. ಹಿಂದಿನ ಎರಡಕ್ಕೂ ಹೊಸ ಟೈರು ಹಾಕಿಸಿದೆವು. ಕೊನೆಗೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಯಂತ್ರದಿಂದ ಪರೀಕ್ಷೆ ಮಾಡಿಸಿದೆವು. ನಮ್ಮ ದಾರಕ್ಕೂ ಅವರ ಯಂತ್ರಕ್ಕೂ ಹೆಚ್ಚು ಜಗಳವಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಟೈರಿನ ಒಳಅಂಚು ತುಸು ಬೇಗ ಸವೆಯುತ್ತದೆ. ವಾಲಿದ ಚಕ್ರಕ್ಕೆ ತೆರಬೇಕಾದ ಸುಂಕ ಅದು. ಟೈರಿನ ವ್ಯಾಸ 8 ಮಿ.ಮೀ. ಹೆಚ್ಚಿದ್ದರಿಂದ ಸ್ಪೀಡಾಮೀಟರು ನೂರಕ್ಕೆ ಒಂದೂವರೆಯಷ್ಟು ಕಡಿಮೆ ತೋರಿಸುತ್ತದೆ. ಲಾಭ? ತಿರುವಿನಲ್ಲಿ ಹಿಡಿತ ಚೆನ್ನಾಗಿದೆ. ನೋಡಲೂ ಚೆಂದ, ಸುಳ್ಳೇಕೆ?

ನಮ್ಮ ಕಡೆ ಗಾಡಿ ಕಟ್ಟುವ ಮುನ್ನ ಹಿರಿಯರು ಕಡಾಣಿ ಮುಟ್ಟಿ ನೋಡುತ್ತಿದ್ದರು. ಮೈಲಿಗಟ್ಟಲೆ ಹೋಗುವ ಗಾಡಿ ಗೇಣುದ್ದದ ಕಬ್ಬಿಣವನ್ನು ನಂಬಿರುತ್ತದೆಂದು ಅವರಿಗೆ ಗೊತ್ತಿತ್ತು. ಈಗ ನಾವು ದೂರ ಹೊರಡುವ ಮುನ್ನ ನಮ್ಮಾಕೆ ಕೇಳುವುದು ಒಂದೇ ಪ್ರಶ್ನೆ: "ಎರಡೂ ಬೋಲ್ಟು ನೋಡಿದಿರಾ?"

ನೋಡಿಯೇ ಹೊರಡುತ್ತೇವೆ.