ಬಸುರಿಯ ಸೊಂಟನೋವು ಸಹಿಸಬೇಕಾದದ್ದೇ?

ಗರ್ಭಿಣಿಯು ಸೊಂಟಕ್ಕೆ ಕೈಯಿಟ್ಟು ಮೆಲ್ಲನೆ ಏಳುವುದನ್ನು ಕಂಡಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ‘ಬಸುರಿ ಎಂದ ಮೇಲೆ ನೋವು ಇದ್ದದ್ದೇ, ನಾವೆಲ್ಲ ಹಡೆದಿಲ್ಲವೆ?’ ಎಂಬುದು ಒಂದು. ‘ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಏಳಬೇಡವ್ವಾ’ ಎಂಬುದು ಮತ್ತೊಂದು. ಮೊದಲನೆಯ ಮಾತು ಅತ್ತೆಯ ಮನೆಯಲ್ಲಿಯೂ ಎರಡನೆಯದು ತವರುಮನೆಯಲ್ಲಿಯೂ ಹೆಚ್ಚು ಎಂದರೆ ಹಿರಿಯರು ಮುನಿಯಬಾರದು. ಎರಡರ ಹಿಂದೆಯೂ ಅನುಭವವಿದೆ, ಅಕ್ಕರೆಯಿದೆ. ಆದರೆ ಒಂದು ಮಾತು ನೊಂದವಳ ಬಾಯಿ ಮುಚ್ಚಿಸುತ್ತದೆ. ಇನ್ನೊಂದು ಆಕೆಯ ಮೈಬಲವನ್ನೇ ಕುಂದಿಸುತ್ತದೆ. ಈ ನೋವಿಗೆ ಕಾರಣವುಂಟು, ಉಪಾಯವೂ ಉಂಟು ಎಂಬುದನ್ನು ತಿಳಿಸುವುದು ಈ ತಿಂಗಳ ಅಂಕಣದ ಉದ್ದೇಶ.

ಜಗತ್ತಿನ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಗರ್ಭಿಣಿಯರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿಗೆ ಬೆನ್ನುನೋವು ಕಾಣಿಸಿಕೊಳ್ಳುತ್ತದೆ. ಸುಮಾರು ಐದರಲ್ಲಿ ಒಬ್ಬರಿಗೆ ಕಟಿರದ, ಅಂದರೆ ಸೊಂಟದ ಎಲುಬುಗೂಡಿನ ನೋವು ಬರುತ್ತದೆ. ಇಷ್ಟು ಮಂದಿಗೆ ಬರುವುದರಿಂದಲೇ ಅದನ್ನು ಲಕ್ಷಿಸಬೇಕಿಲ್ಲ ಎಂದು ತಿಳಿಯುವುದು ತಪ್ಪು. ಹಲ್ಲುನೋವೂ ಸಾಮಾನ್ಯವೇ, ಅದಕ್ಕೆ ನಾವು ಮದ್ದು ಹುಡುಕುವುದಿಲ್ಲವೆ?

ಮಗು ಬೆಳೆದಂತೆ ತಾಯಿಯ ದೇಹದ ಭಾರವು ಮುಂದಕ್ಕೆ ಸರಿಯುತ್ತದೆ. ಮುಗ್ಗರಿಸದಿರಲೆಂದು ಆಕೆ ಸೊಂಟವನ್ನು ಒಳಬಾಗಿಸಿ, ಹಿಂದಕ್ಕೆ ವಾಲಿ ನಡೆಯುತ್ತಾಳೆ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಈ ಬಗ್ಗೆ ಸೋಜಿಗದ ಸಂಗತಿಯನ್ನು ತಿಳಿಸಿತು. ಸೊಂಟದ ಬಾಗು ಗಂಡಸರಲ್ಲಿ ಬೆನ್ನೆಲುಬಿನ ಎರಡು ಮಣಿಗಳಲ್ಲಿ ಹಂಚಿಕೊಂಡಿದ್ದರೆ, ಹೆಂಗಸರಲ್ಲಿ ಅದು ಮೂರು ಮಣಿಗಳಲ್ಲಿ ಹಂಚಿಕೊಂಡಿದೆ. ಬಸುರಿನ ಭಾರ ಹೊರುವುದಕ್ಕೆ ಪ್ರಕೃತಿ ಮಾಡಿಕೊಂಡ ಏರ್ಪಾಡಿದು. ಸುಮಾರು 20 ಲಕ್ಷ ವರ್ಷಗಳ ಹಿಂದಿನ ಮಾನವಪೂರ್ವಜರ ಪಳೆಯುಳಿಕೆಗಳಲ್ಲಿಯೂ ಇದರ ಗುರುತು ಸಿಕ್ಕಿದೆ. ಏರ್ಪಾಡು ಎಷ್ಟು ಚೆನ್ನಾಗಿದ್ದರೂ ತಿಂಗಳುಗಟ್ಟಲೆ ಭಾರ ಹೊತ್ತ ಸ್ನಾಯುಗಳು ದಣಿಯುತ್ತವೆ. ಇದರ ಜೊತೆಗೆ ಗರ್ಭಾವಸ್ಥೆಯಲ್ಲಿ ಸ್ರವಿಸುವ ರಿಲ್ಯಾಕ್ಸಿನ್ ಮೊದಲಾದ ಹಾರ್ಮೋನುಗಳು ಕೀಲುಗಳ ಕಟ್ಟನ್ನು ಸಡಿಲಿಸುತ್ತವೆ. ಆದರೆ ಈ ಹಾರ್ಮೋನು ಹೆಚ್ಚಿದ್ದವರಿಗೆಲ್ಲ ನೋವೂ ಹೆಚ್ಚೆಂದು ಸಂಶೋಧನೆಗಳು ಒಮ್ಮತದಿಂದ ಹೇಳುವುದಿಲ್ಲ. ಮೊದಲೇ ಬೆನ್ನುನೋವು ಇದ್ದವರಿಗೆ, ಹಿಂದೊಮ್ಮೆ ಬಿದ್ದು ಸೊಂಟಕ್ಕೆ ಪೆಟ್ಟಾದವರಿಗೆ ಈ ತೊಂದರೆಯ ಸಂಭವ ಹೆಚ್ಚು.

ನೋವು ಎಲ್ಲಿದೆ ಎಂಬುದನ್ನು ಗಮನಿಸಬೇಕು. ಬೆನ್ನಿನ ನೋವು ಸೀರೆಯ ನೆರಿಗೆ ಸಿಕ್ಕಿಸುವ ಮಟ್ಟದಲ್ಲಿ, ಹಿಂಬದಿಗೆ ಇರುತ್ತದೆ. ಬಾಗಿದಾಗ, ಬಹಳ ಹೊತ್ತು ಕುಳಿತಾಗ ಹೆಚ್ಚುತ್ತದೆ. ಕಟಿರದ ನೋವು ಅದಕ್ಕಿಂತ ಕೆಳಗೆ, ಪೃಷ್ಠದ ಮೇಲ್ಭಾಗದಲ್ಲಿ ಒಂದು ಕಡೆಯೋ ಎರಡೂ ಕಡೆಯೋ ಇರುತ್ತದೆ. ಕೆಲವರಿಗೆ ಮುಂದುಗಡೆ, ಕಿಬ್ಬೊಟ್ಟೆಯ ತಳದಲ್ಲಿ ಎಲುಬುಗಳು ಕೂಡುವಲ್ಲಿ ಚುಚ್ಚಿದಂತಾಗುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ, ಒಂಟಿಕಾಲಿನ ಮೇಲೆ ನಿಂತು ಲಂಗ ತೊಡುವಾಗ ಇದು ಕಾಡುತ್ತದೆ. ಅಂಗಾತ ಮಲಗಿಸಿ, ಒಂದೊಂದೇ ಕಾಲನ್ನು ಮಡಿಸದೆ ಗೇಣುದ್ದ ಮೇಲೆತ್ತಲು ಹೇಳಿ ವೈದ್ಯರು ಇದನ್ನು ಪರೀಕ್ಷಿಸುವುದುಂಟು. ಈ ನೋವಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ಕೇಡಿಲ್ಲ ಎಂಬುದನ್ನು ತಾಯಿಗೆ ಮೊದಲು ಹೇಳಬೇಕು. ಎಷ್ಟೋ ಹೆಣ್ಣುಮಕ್ಕಳು ಆ ಅಂಜಿಕೆಯಿಂದಲೇ ಅರ್ಧ ಸೊರಗಿರುತ್ತಾರೆ.

ಕಟಿರದ ನೋವಿರುವವರು ಮೈಭಾರವನ್ನು ಒಂದೇ ಮಗ್ಗುಲಿಗೆ ಹಾಕಬಾರದು. ಮೊಣಕಾಲುಗಳನ್ನು ಅಗಲಿಸುವ ಚಲನೆಯನ್ನು ಆದಷ್ಟು ತಪ್ಪಿಸಬೇಕು. ನಮ್ಮ ಮನೆಗೆಲಸಗಳನ್ನು ಈ ದೃಷ್ಟಿಯಿಂದ ನೋಡಿದರೆ ಎಲ್ಲಿ ಬದಲಿಸಬೇಕೆಂಬುದು ತಾನಾಗಿ ಹೊಳೆಯುತ್ತದೆ. ತುಂಬಿದ ಕೊಡವನ್ನು ಟೊಂಕದ ಮೇಲಿಟ್ಟು ತರುವುದು, ಹಿರಿಯ ಕೂಸನ್ನು ಒಂದೇ ಕಂಕುಳಲ್ಲಿ ಹೊತ್ತು ತಿರುಗುವುದು, ಗಿಡ್ಡ ಕಸಬರಿಗೆಯಿಂದ ಬಾಗಿ ಗುಡಿಸುವುದು, ತುದಿಗಾಲಲ್ಲಿ ಕುಳಿತು ನೆಲ ಒರೆಸುವುದು ಇವೆಲ್ಲ ನೋವನ್ನು ಕೆರಳಿಸುತ್ತವೆ. ನೀರು ತರುವುದನ್ನು ಗಂಡನೋ ಮೈದುನನೋ ವಹಿಸಿಕೊಳ್ಳಲಿ. ಅದರಿಂದ ಯಾರ ಮರ್ಯಾದೆಯೂ ಕಡಿಮೆಯಾಗದು. ರೊಟ್ಟಿ ಬಡಿಯುವುದನ್ನು ಕಟ್ಟೆಯ ಮೇಲೆ, ಮೊಣಕೈ ಎತ್ತರಕ್ಕೆ ಇಟ್ಟುಕೊಂಡರೆ ಬೆನ್ನಿಗೆ ಹಗುರ. ಹಾಸಿಗೆಯಿಂದ ಏಳುವಾಗ ಎರಡೂ ಮೊಣಕಾಲುಗಳನ್ನು ಜೋಡಿಸಿಕೊಂಡು ಮಗ್ಗುಲಿಗೆ ಹೊರಳಿ, ಕೈಯೂರಿ ಏಳಬೇಕು. ಬಟ್ಟೆಯನ್ನು ಕುಳಿತು ತೊಡಬೇಕು. ಮೆಟ್ಟಿಲನ್ನು ಒಂದೊಂದಾಗಿ, ಎರಡೂ ಕಾಲು ಕೂಡಿಸಿ ಹತ್ತಬೇಕು. ರಾತ್ರಿ ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬಿಟ್ಟರೆ ಬಹಳ ಮಂದಿಗೆ ನಿದ್ರೆ ಹತ್ತುತ್ತದೆ. 28 ವಾರಗಳ ನಂತರ ಮಗುವಿನ ಹಿತಕ್ಕಾಗಿಯೂ ಮಗ್ಗುಲಾಗಿ ಮಲಗುವುದೇ ಒಳ್ಳೆಯದು.

ಕುಬಸದ ಕಾರ್ಯದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಭಾರವಾದ ಸೀರೆ ಉಡಿಸಿ, ಬಸುರಿಯನ್ನು ಮಣೆಯ ಮೇಲೆ ಗಂಟೆಗಟ್ಟಲೆ ಕೂರಿಸಿ, ಬಂದ ಮುತ್ತೈದೆಯರೆಲ್ಲ ಉಡಿ ತುಂಬುವವರೆಗೆ ಅಲುಗಾಡಗೊಡದಿರುವುದು ಹಲವೆಡೆ ನಡೆಯುತ್ತದೆ. ಬೆನ್ನಿಗೆ ಆನಿಕೆಯುಳ್ಳ ಕುರ್ಚಿ ಹಾಕಿದರೆ, ಅರ್ಧ ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯಗೊಟ್ಟರೆ ಸಂಭ್ರಮಕ್ಕೇನೂ ಕೊರತೆಯಾಗದು. ನಿತ್ಯದ ಲಿಂಗಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರಲಾಗದವರು ಕುರ್ಚಿಯಲ್ಲಿ ಕುಳಿತರೆ ದೇಹಕ್ಕೆ ನೆಮ್ಮದಿ.

ಹಾಗೆಂದು ಕೆಲಸವೆಲ್ಲ ಬಿಟ್ಟು ಮಲಗುವುದು ಸಲ್ಲದು. ವ್ಯಾಯಾಮದಿಂದ ಬೆನ್ನುನೋವು ತಗ್ಗಬಹುದೆಂದು ಮೇಲೆ ಹೇಳಿದ ಸಮೀಕ್ಷೆಯೇ ತಿಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಗರ್ಭಿಣಿಯರಿಗೂ ವಾರಕ್ಕೆ 150 ನಿಮಿಷಗಳ ಹದವಾದ ಚಟುವಟಿಕೆಯನ್ನು ಸೂಚಿಸಿದೆ. ರಕ್ತಸ್ರಾವವಾದವರು, ಮಾಸು ಕೆಳಗಿದೆಯೆಂದು ವೈದ್ಯರು ಹೇಳಿದವರು ಕೇಳದೆ ತೊಡಗಬಾರದು. ಉಳಿದವರು ನೋವು ಹೆಚ್ಚದಷ್ಟು ನಡೆಯಬಹುದು. ಅಂಗೈ ಮತ್ತು ಮೊಣಕಾಲೂರಿ ಬೆನ್ನನ್ನು ಮೆಲ್ಲನೆ ಮೇಲಕ್ಕೆ ಕಮಾನಾಗಿಸಿ ಮತ್ತೆ ಸಮಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಒಮ್ಮೆ ಕಲಿತರೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಕಟಿರದ ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಅದರ ಕೆಳಗೆ ಸೊಂಟದೆಲುಬಿನ ಸುತ್ತ, ನಡೆಯುವಾಗ ಮಾತ್ರ ಕಟ್ಟಬೇಕು. ಬೆನ್ನಿಗೆ ಹದವಾದ ಬಿಸಿನೀರಿನ ಶಾಖ ಹಿತಕರ. ಆದರೆ ಹೊಟ್ಟೆಯನ್ನು ತಿಕ್ಕಿಸುವುದು ಬೇಡವೇ ಬೇಡ.

ಔಷಧಿಯ ವಿಷಯದಲ್ಲಿ ತುಂಬ ಎಚ್ಚರ ಬೇಕು. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಗುಳಿಗೆಗಳು 20 ವಾರಗಳ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯುಂಟುಮಾಡಿ ಗರ್ಭಜಲವನ್ನು ಕುಗ್ಗಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಎಚ್ಚರಿಸಿದೆ. ಕೊನೆಯ ತಿಂಗಳುಗಳಲ್ಲಿ ಇವುಗಳಿಂದ ಮಗುವಿನ ಹೃದಯದ ಬಳಿಯ ರಕ್ತನಾಳವೊಂದು ಅಕಾಲದಲ್ಲಿ ಮುಚ್ಚಿಕೊಳ್ಳುವ ಅಪಾಯವೂ ಉಂಟು. ಈ ಔಷಧಿಯುಳ್ಳ ಮುಲಾಮನ್ನೂ ಕೇಳದೆ ಹಚ್ಚಬಾರದು. ಪ್ಯಾರಸಿಟಮಾಲನ್ನು ಸಹ ವೈದ್ಯರು ಹೇಳಿದ ಪ್ರಮಾಣದಲ್ಲಿ, ಕೆಲವು ದಿನ ಮಾತ್ರ ತೆಗೆದುಕೊಳ್ಳಬೇಕು. ಆಸ್ಪತ್ರೆಯಲ್ಲಿ ಕೊಡುವ ಸುಣ್ಣದಂಶದ ಗುಳಿಗೆಗಳನ್ನು ತಪ್ಪದೆ ನುಂಗಬೇಕು, ಆದರೆ ಸೊಂಟನೋವು ಅವುಗಳಿಂದ ಹೋಗುತ್ತದೆಂದು ಕಾಯಬಾರದು.

ಕೆಲವೊಮ್ಮೆ ಸೊಂಟನೋವು ಬೇರೆ ರೋಗದ ಸೂಚನೆಯಾಗಿರುತ್ತದೆ. 37 ವಾರ ತುಂಬುವ ಮೊದಲೇ ನೋವು ಅಲೆಯಂತೆ ಬಂದುಬಂದು ಹೋಗುತ್ತಿದ್ದರೆ, ರಕ್ತವಾಗಲಿ ನೀರಾಗಲಿ ಹೋದರೆ, ಚಳಿಜ್ವರದೊಡನೆ ಉರಿಮೂತ್ರವಿದ್ದರೆ ಅದೇ ದಿನ, ರಾತ್ರಿಯಾಗಿದ್ದರೂ, ಆಸ್ಪತ್ರೆಗೆ ಹೋಗಬೇಕು. ಕಾಲಿನ ಬಲ ಕುಂದಿದರೆ, ಮೂತ್ರ ತಡೆಯಲಾಗದಿದ್ದರೆ ಅಥವಾ ಬಾರದಿದ್ದರೆ, ತೊಡೆಸಂದಿನ ಸುತ್ತ ಮರಗಟ್ಟಿದರೂ ಹಾಗೆಯೇ. ರಾತ್ರಿ ಬಿಡದೆ ಕಾಡುವ ಬೆನ್ನುನೋವಿನೊಡನೆ ಸಂಜೆಯ ಜ್ವರವಿದ್ದರೆ ಬೆನ್ನುಮೂಳೆಯ ಕ್ಷಯದ ಪರೀಕ್ಷೆಯೂ ಅಗತ್ಯ. ತುರ್ತಿಲ್ಲದ ನೋವಿಗೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಯಲ್ಲಿ (2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ) ತಾಯಿ ಕಾರ್ಡಿನೊಡನೆ ಹೋಗಿ ವಿಚಾರಿಸಬಹುದು. ಕೇಳಿದ್ದಕ್ಕಷ್ಟೇ ಉತ್ತರಿಸಿ ಬರಬೇಡಿ. ನೋವನ್ನು ನೀವಾಗಿಯೇ ಹೇಳಿ.

ಹೆರಿಗೆಗೆ ಮುನ್ನ, ನೋವಿಲ್ಲದೆ ಕಾಲುಗಳನ್ನು ಎಷ್ಟು ಅಗಲಿಸಬಲ್ಲೆವೆಂದು ವೈದ್ಯರಿಗೂ ದಾದಿಯರಿಗೂ ತಿಳಿಸಿರಬೇಕು. ಮಗ್ಗುಲಾಗಿ ಮಲಗಿಯೂ ಹೆರಿಗೆ ಸಾಧ್ಯ. ‘ಬೆನ್ನಿಗೆ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಜನ್ಮವಿಡೀ ಸೊಂಟನೋವು’ ಎಂಬ ನಂಬಿಕೆ ಬಲವಾಗಿದೆ. ಚುಚ್ಚಿದ ಸ್ಥಳ ಕೆಲದಿನ ನೋಯುವುದು ನಿಜ, ಆದರೆ ಬಹುಕಾಲದ ಬೆನ್ನುನೋವಿಗೆ ಅದು ಕಾರಣವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಸುರಿನಲ್ಲಿ ಆರೈಕೆಯಿಲ್ಲದೆ ಉಳಿದ ನೋವೇ ಎಷ್ಟೋ ಸಲ ಬಾಣಂತಿಯಲ್ಲಿ ಮುಂದುವರಿದಿರುತ್ತದೆ. ಹೆಚ್ಚಿನವರಿಗೆ ಹೆರಿಗೆಯಾದ ಮೂರು ತಿಂಗಳೊಳಗೆ ಇದು ಇಳಿಯುತ್ತದೆ. ಆಮೇಲೂ ಉಳಿದರೆ, ಕೂಸನ್ನು ತೊಟ್ಟಿಲಿನಿಂದ ಎತ್ತುವಾಗ ಹಿಡಿದುಕೊಂಡರೆ, ಬಾಣಂತನ ಮುಗಿಯಿತೆಂದು ಸುಮ್ಮನಾಗದೆ ಮತ್ತೊಮ್ಮೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.