ಲಘು-ಗುರು, ಸೊನ್ನೆ-ಒಂದು

ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ. ಅದೇ ಚಕ್ರವರ್ತಿಯನ್ನು ಸ್ತುತಿಸಿ ಜೈನ ವಿದ್ವಾಂಸ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದ್ದು ಬಹುಮಂದಿಗೆ ತಿಳಿದಿಲ್ಲ. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತುವಿದ್ಯೆಗಳಿಗಷ್ಟೇ ಅಲ್ಲದೆ ಛಂದಸ್ಸು, ಅಲಂಕಾರ, ಕಾವ್ಯ, ವ್ಯಾಕರಣಗಳಿಗೂ ಗಣಿತ ಬೇಕೆಂದು ಆತನು ಗ್ರಂಥಾರಂಭದಲ್ಲಿಯೇ ಸಾರಿದ್ದಾನೆ. ಒಂಬತ್ತನೆಯ ಶತಮಾನದಲ್ಲಿ ಒಬ್ಬನೇ ವಿದ್ವಾಂಸನ ಕಣ್ಣಿಗೆ ಒಂದಾಗಿ ಕಂಡ ವಿದ್ಯೆಗಳು ನಮ್ಮ ಕಾಲೇಜುಗಳಲ್ಲಿ ಬೇರೆಬೇರೆ ಕೊಠಡಿಗಳನ್ನು ಸೇರಿವೆ.

ಈ ಗೋಡೆಗಳನ್ನು ತಂತ್ರಜ್ಞಾನ ಕೆಡವುತ್ತದೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಆದರೆ ಹಳೆಯ ಟಿಪ್ಪಣಿಯನ್ನೇ ಪರದೆಯ ಮೇಲೆ ತೋರಿಸಿದ ಮಾತ್ರಕ್ಕೆ ವಿಷಯಗಳು ಕೂಡುವುದಿಲ್ಲ. ಇಬ್ಬರು ಅಧ್ಯಾಪಕರು ಒಂದೇ ಪ್ರಶ್ನೆಯ ಮುಂದೆ ಕುಳಿತಾಗ ಮಾತ್ರ ಕೂಡುತ್ತವೆ.

ಚಿಕ್ಕನಾಯಕನಹಳ್ಳಿಯ ತರಗತಿಯೊಂದನ್ನು ಊಹಿಸೋಣ. ಸಂಸ್ಕೃತದ ಕಾವ್ಯಚಿಂತನೆಯನ್ನು ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡದ ವಿದ್ಯಾರ್ಥಿಗೆ ತಂದುಕೊಟ್ಟ ತೀ.ನಂ.ಶ್ರೀಕಂಠಯ್ಯನವರು ಇದೇ ತಾಲ್ಲೂಕಿನ ತೀರ್ಥಪುರದವರು. ಅವರ ಊರಿನ ಸೀಮೆಯಲ್ಲಿ ಕನ್ನಡದ ಅಧ್ಯಾಪಕರು ಪಂಪನ ಒಂದು ಉತ್ಪಲಮಾಲೆಗೆ ಪ್ರಸ್ತಾರ ಹಾಕಿಸಲಿ. ಗಣಕವಿಜ್ಞಾನದ ಅಧ್ಯಾಪಕರು ಲಘುವಿಗೆ ಸೊನ್ನೆ, ಗುರುವಿಗೆ ಒಂದು ಎಂದು ಬರೆಸಲಿ. ಮೂರಕ್ಷರಕ್ಕೆ ಎಂಟು ವಿನ್ಯಾಸಗಳು. ಅವೇ ನಮ್ಮ ಎಂಟು ಅಕ್ಷರಗಣಗಳು. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ. ಅಷ್ಟು ಅಕ್ಷರಗಳಲ್ಲಿ ಸಾಧ್ಯವಾಗುವ ವಿನ್ಯಾಸಗಳು 10,48,576. ವಿದ್ಯಾರ್ಥಿಯೇ ಬರೆದ ನಾಲ್ಕು ಸಾಲಿನ ಪ್ರೋಗ್ರಾಂ ಇಷ್ಟನ್ನೂ ಕ್ಷಣದಲ್ಲಿ ಪಟ್ಟಿಮಾಡುತ್ತದೆ.

ನಿಜವಾದ ಪಾಠ ಆರಂಭವಾಗುವುದು ಅಲ್ಲಿಂದ. ಹತ್ತು ಲಕ್ಷಕ್ಕೂ ಮೀರಿದ ಸಾಧ್ಯತೆಗಳಿದ್ದರೂ ನಮ್ಮ ಚಂಪೂಕವಿಗಳು ಆರು ‘ಖ್ಯಾತಕರ್ನಾಟಕ’ ವೃತ್ತಗಳಿಗೇ ಅಷ್ಟು ಒಲಿದದ್ದೇಕೆ? ಯಂತ್ರ ಎಣಿಸಬಲ್ಲದು, ಆಯ್ಕೆಯ ಕಾರಣ ಹೇಳಲಾರದು. ಅದಕ್ಕೆ ಪದ್ಯವನ್ನು ಗಟ್ಟಿಯಾಗಿ ಓದಬೇಕು, ಕಿವಿ ಪಳಗಬೇಕು, ಕನ್ನಡದ ನಡೆ ತಿಳಿಯಬೇಕು. ಗಣಕದ ವಿದ್ಯಾರ್ಥಿಗೆ ಕನ್ನಡ ಬೇಕಾಗುವುದು ಇಲ್ಲಿ; ಎಣಿಕೆಯ ಅಗಾಧತೆಯನ್ನು ಕಂಡಮೇಲೆಯೇ ಕವಿಯ ಆಯ್ಕೆಯ ಬೆಲೆ ಸಾಹಿತ್ಯದ ವಿದ್ಯಾರ್ಥಿಗೆ ತಿಳಿಯುವುದೂ ಇಲ್ಲಿಯೇ.

ಇದಕ್ಕೆ ದುಬಾರಿ ಉಪಕರಣ ಬೇಡ. ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲೇ ಸಾಕು. ಬೇಕಾದದ್ದು ವೇಳಾಪಟ್ಟಿಯಲ್ಲಿ ಇಬ್ಬರು ಅಧ್ಯಾಪಕರಿಗೂ ಸೇರಿದ ಒಂದು ಗಂಟೆ, ಆ ಕೆಲಸಕ್ಕೆ ಆಂತರಿಕ ಮೌಲ್ಯಮಾಪನದಲ್ಲಿ ಒಂದಿಷ್ಟು ಅಂಕ. ಇಷ್ಟನ್ನೂ ಕೊಡದಿದ್ದರೆ ವಿಜ್ಞಾನ, ವಾಣಿಜ್ಯಗಳ ಮಕ್ಕಳಿಗೆ ಕನ್ನಡವು ತೇರ್ಗಡೆಯಾಗಿ ಮರೆಯುವ ಭಾಷಾಪತ್ರಿಕೆಯಾಗಿಯೇ ಉಳಿಯುತ್ತದೆ. ಹಳಗನ್ನಡ ಓದುವವರು ತಮ್ಮ ವಿದ್ಯೆ ಈ ಕಾಲಕ್ಕೆ ಸಲ್ಲದೆಂದು ತಾವೇ ನಂಬಿಬಿಡುತ್ತಾರೆ.